ಕೇಳಿಸುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ
ಓದುಗರ ಪ್ರಶ್ನೆ, ಶ್ರವಣತಜ್ಞರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಶ್ರವಣಯಂತ್ರಕ್ಕೆ ಸಂಬಂಧಿಸಿದವು. ಉತ್ತರ ಕನ್ನಡ ಜಿಲ್ಲೆಯ ಓದುಗರು ಬರೆದ ಐದು ಪತ್ರಗಳನ್ನು ಆರಿಸಿ, ಹೆಸರು ಕೈಬಿಟ್ಟು, ಸಂಕ್ಷೇಪಿಸಿ ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ವಯಸ್ಸು 72. ಮಕ್ಕಳ ಒತ್ತಾಯಕ್ಕೆ ಮಣಿದು ಹುಬ್ಬಳ್ಳಿಗೆ ಹೋಗಿ ಎರಡೂ ಕಿವಿಗೆ ಮಷಿನ್ ಹಾಕಿಸಿಕೊಂಡು ಮೂರು ವಾರವಾಯಿತು. ನನ್ನ ದನಿಯೇ ನನಗೆ ಹಂಡೆಯೊಳಗೆ ತಲೆಯಿಟ್ಟು ಮಾತನಾಡಿದ ಹಾಗೆ ಕೇಳುತ್ತದೆ. ಪಾತ್ರೆ ತೊಳೆಯುವ ಸದ್ದು, ಪೇಪರು ಮಡಚುವ ಸದ್ದು, ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಎಲ್ಲವೂ ತಲೆಗೇರುತ್ತವೆ. ಇಷ್ಟಾಗಿಯೂ ಸೊಸೆ ಅಡುಗೆಮನೆಯಿಂದ ಹೇಳಿದ್ದು ತಿಳಿಯುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಂತೂ ಪಕ್ಕದವರ ಮಾತಿಗೆ ಸುಮ್ಮನೆ ತಲೆಯಾಡಿಸುತ್ತೇನೆ. ಇದು ನನಗೆ ಆಗಿಬರುವುದಿಲ್ಲವೆಂದು ತೋರುತ್ತದೆ. ಹಿಂದಿರುಗಿಸಿಬಿಡಲೇ?
– ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ಹಿಂದಿರುಗಿಸಬೇಡಿ, ಹಾಗೆಂದು ಸುಮ್ಮನೆ ಸಹಿಸಿಕೊಂಡೂ ಇರಬೇಡಿ. ನೀವು ಬರೆದಿರುವ ತೊಂದರೆಗಳಲ್ಲಿ ಕೆಲವು ಬಳಸುತ್ತ ಹೋದಂತೆ ತಾವಾಗಿಯೇ ಇಳಿಯುವಂಥವು, ಕೆಲವು ಯಂತ್ರವನ್ನು ಸರಿಹೊಂದಿಸಿದ ಹೊರತು ಎಷ್ಟು ಕಾದರೂ ಹೋಗದಂಥವು, ಒಂದೆರಡು ಯಾವ ಯಂತ್ರದಿಂದಲೂ ಪೂರ್ತಿಯಾಗಿ ನೀಗದಂಥವು. ಈ ಮೂರನ್ನೂ ಒಂದೇ ಗಂಟು ಕಟ್ಟಿ ‘ಆಗಿಬರುವುದಿಲ್ಲ’ ಎಂದುಬಿಡುವುದರಿಂದಲೇ ಎಷ್ಟೋ ಮನೆಗಳಲ್ಲಿ ಒಳ್ಳೆಯ ಯಂತ್ರಗಳು ಕಪಾಟು ಸೇರಿವೆ.

ಮೊದಲು ನಿಮ್ಮ ದನಿಯ ವಿಷಯ. ಮನೆಯಲ್ಲಿಯೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಯಂತ್ರವನ್ನು ಕಿವಿಯಲ್ಲಿ ಹಾಗೆಯೇ ಇಟ್ಟುಕೊಂಡು ಅದನ್ನು ಬಂದ್ ಮಾಡಿ, ‘ಈ’ ಎಂದು ದೀರ್ಘವಾಗಿ ಎಳೆಯಿರಿ. ಬಂದ್ ಆಗಿದ್ದಾಗಲೂ ದನಿ ಗುಂಯ್‌ಗುಟ್ಟಿದರೆ ಕಿವಿಯ ನಾಳ ಅತಿಯಾಗಿ ಮುಚ್ಚಿಕೊಂಡಿದೆ ಎಂದರ್ಥ. ನಾವು ಮಾತನಾಡುವಾಗ ಎಲುಬಿನ ಮೂಲಕ ಕಿವಿಯ ನಾಳಕ್ಕೆ ಬರುವ ಕಂಪನಗಳು ಮಾಮೂಲಿಯಾಗಿ ಹೊರಗೆ ಹೋಗಿಬಿಡುತ್ತವೆ. ನಾಳದ ಬಾಯಿ ಮುಚ್ಚಿದಾಗ ಒಳಗೇ ಸಿಕ್ಕಿಕೊಳ್ಳುತ್ತವೆ. ಇದಕ್ಕೆ ಕಂಪ್ಯೂಟರಿನಲ್ಲಿ ಮದ್ದಿಲ್ಲ. ಕಿವಿಯ ಅಚ್ಚಿನಲ್ಲಿರುವ (ಕಿವಿಯ ಅಳತೆಗೆ ಮಾಡಿಸಿ ನಾಳದ ಬಾಯಿಗೆ ಕೂರಿಸುವ ತುಂಡು) ಗಾಳಿಯ ತೂತನ್ನು ದೊಡ್ಡದು ಮಾಡಿಸಬೇಕು, ಅಥವಾ ತುದಿಯಲ್ಲಿರುವ ಸಿಲಿಕೋನ್ ಡೋಮ್ ಮುಚ್ಚಿದ ಬಗೆಯದಾಗಿದ್ದರೆ ತೂತುಗಳಿರುವುದನ್ನು ಹಾಕಿಸಬೇಕು. ಬಂದ್ ಇದ್ದಾಗ ಸರಿಯಾಗಿದ್ದು, ಚಾಲೂ ಮಾಡಿದೊಡನೆ ಮಾತ್ರ ದನಿ ಗುಂಯ್‌ಗುಟ್ಟುವುದಾದರೆ ಕೆಳಸ್ತರದ, ಅಂದರೆ ದಪ್ಪ ದನಿಯ, ಸದ್ದುಗಳಿಗೆ ಯಂತ್ರ ಹೆಚ್ಚು ಬಲ ಕೊಡುತ್ತಿದೆ. ಅದನ್ನು ಕಂಪ್ಯೂಟರಿಗೆ ಜೋಡಿಸಿ ಕೆಲವೇ ನಿಮಿಷಗಳಲ್ಲಿ ತಗ್ಗಿಸಬಹುದು. ತೂತು ದೊಡ್ಡದಾದಷ್ಟೂ ಸದ್ದು ಹೊರಗೆ ಸೋರಿ ಯಂತ್ರ ಸಿಳ್ಳೆ ಹಾಕುವ ಸಂಭವ ಹೆಚ್ಚು, ಆದ್ದರಿಂದ ಎಷ್ಟು ತೆರೆಯಬೇಕೆಂಬುದನ್ನು ನಿಮ್ಮ ಆಡಿಯೋಗ್ರಾಂ (ಯಾವ ಸ್ತರದ ಸದ್ದು ಎಷ್ಟು ಕೇಳುತ್ತದೆ ಎಂದು ತೋರಿಸುವ ಪರೀಕ್ಷೆಯ ನಕ್ಷೆ) ನೋಡಿಯೇ ನಿರ್ಧರಿಸಬೇಕಾಗುತ್ತದೆ.

ಇನ್ನು ಪಾತ್ರೆ, ಪೇಪರು, ಮಳೆ. ಈ ಸದ್ದುಗಳು ನಿಮ್ಮ ಮನೆಯಲ್ಲಿ ಎಂದಿನಿಂದಲೂ ಇದ್ದವು. ಕಿವಿ ಮಂದವಾಗುತ್ತ ಬಂದ ವರ್ಷಗಳಲ್ಲಿ ಅವು ಒಂದೊಂದಾಗಿ ಮರೆಯಾದವು, ಈಗ ಒಂದೇ ದಿನ ಎಲ್ಲವೂ ಮರಳಿ ಬಂದಿವೆ. ಬೇಡದ ಸದ್ದನ್ನು ಬದಿಗಿಡುವ ಕೆಲಸ ಮಿದುಳಿನದು, ಅದಕ್ಕೆ ಆ ರೂಢಿ ತಪ್ಪಿಹೋಗಿರುತ್ತದೆ. ದಿನವೂ ಹಾಕಿಕೊಂಡರೆ ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗೆ ರೂಢಿ ಮರಳುತ್ತದೆ. ಪೇಟೆಗೆ ಹೋಗುವಾಗ ಮಾತ್ರ ಹಾಕಿಕೊಂಡರೆ ಮರಳುವುದಿಲ್ಲ. ಮೊದಲ ವಾರ ಮನೆಯ ಶಾಂತ ಕೋಣೆಯಲ್ಲಿ, ಒಬ್ಬರೊಡನೆ ಮಾತನಾಡುತ್ತ, ದಿನಕ್ಕೆ ಕೆಲವು ಗಂಟೆ, ಆಮೇಲೆ ಟಿ.ವಿ. ವಾರ್ತೆ, ಮನೆಮಂದಿಯೆಲ್ಲ ಸೇರಿದ ಜಗಲಿ, ಅಂಗಡಿ, ಕಟ್ಟಕಡೆಗೆ ಮದುವೆಮನೆ. ನೀವು ಬಹುಶಃ ಕಟ್ಟಕಡೆಯದನ್ನು ಮೊದಲೇ ಮಾಡಿದ್ದೀರಿ. ಶಿಕ್ಷಕರಾಗಿದ್ದವರಿಗೆ ಇನ್ನೊಂದು ಅಭ್ಯಾಸ ಸುಲಭ: ಪತ್ರಿಕೆಯ ಒಂದು ಅಂಕಣವನ್ನು ದಿನವೂ ಗಟ್ಟಿಯಾಗಿ ಓದಿ, ಅಥವಾ ಮೊಮ್ಮಕ್ಕಳು ಓದುತ್ತಿರುವಾಗ ಅದೇ ಪುಟದ ಮೇಲೆ ಕಣ್ಣಿಟ್ಟು ಕೇಳಿ. ಕಣ್ಣಿಗೆ ಗೊತ್ತಿರುವ ಮಾತನ್ನು ಕಿವಿ ಬೇಗ ಗುರುತಿಸುತ್ತದೆ. ಅಂದಹಾಗೆ, ಈಗಿನ ಹೆಚ್ಚಿನ ಡಿಜಿಟಲ್ ಯಂತ್ರಗಳು ದಿನಕ್ಕೆ ಎಷ್ಟು ಗಂಟೆ ಚಾಲೂ ಇದ್ದವೆಂಬುದನ್ನು ತಮ್ಮೊಳಗೆ ದಾಖಲಿಸಿಕೊಳ್ಳುತ್ತವೆ. ‘ದಿನಾ ಹಾಕುತ್ತೇನೆ’ ಎಂದು ನೀವು ಹೇಳುತ್ತಿರುವಾಗಲೇ ತಜ್ಞರ ಕಂಪ್ಯೂಟರಿನ ಪರದೆಯಲ್ಲಿ ಬೇರೆ ಲೆಕ್ಕ ಮೂಡಿರಬಹುದು.

ಸೊಸೆಯ ಮಾತು ತಿಳಿಯದಿರುವುದಕ್ಕೆ ಕಾರಣ ಬೇರೆ. ವಯಸ್ಸಿನಿಂದ ಬರುವ ಶ್ರವಣದೋಷದಲ್ಲಿ ಮೊದಲು ಕೈಬಿಡುವುದು ಮೇಲುಸ್ತರದ, ಅಂದರೆ ಸುಮಾರು 2000 ಹರ್ಟ್ಸ್‌ಗಿಂತ ಮೇಲಿನ ಸದ್ದುಗಳು. ಆ, ಓ, ಊ ಮುಂತಾದ ಸ್ವರಗಳ ಬಲವೆಲ್ಲ ಕೆಳಸ್ತರದಲ್ಲಿರುವುದರಿಂದ ಅವು ಚೆನ್ನಾಗಿಯೇ ಕೇಳುತ್ತವೆ. ಸ, ಶ, ಚ, ತ, ಕ ಇಂಥ ವ್ಯಂಜನಗಳು ಜಾರಿಹೋಗುತ್ತವೆ. ಹೀಗಾಗಿ ಯಾರೋ ಮಾತನಾಡಿದ್ದು ಗೊತ್ತಾಗುತ್ತದೆ, ಅವರು ಹೇಳಿದ್ದು ‘ಹಾಸು’ ಎಂದೋ ‘ಹಾಕು’ ಎಂದೋ ತಿಳಿಯುವುದಿಲ್ಲ. ಹೆಂಗಸರ ಮತ್ತು ಮಕ್ಕಳ ಮಾತು ಹೆಚ್ಚು ಕಷ್ಟವೆನಿಸುವುದೂ ಇದೇ ಕಾರಣಕ್ಕೆ. ಹೊಸಬರಿಗೆ ಮೇಲುಸ್ತರದ ಸದ್ದು ಕರ್ಕಶವಾಗುವುದೆಂದು ಮೊದಲ ಹೊಂದಾಣಿಕೆಯಲ್ಲಿ ಬೇಕಾದುದಕ್ಕಿಂತ ಕಡಿಮೆ ಬಲ ಕೊಟ್ಟು, ಮುಂದಿನ ಭೇಟಿಗಳಲ್ಲಿ ಏರಿಸುತ್ತ ಹೋಗುವ ಕ್ರಮವಿದೆ. ಆ ಮುಂದಿನ ಭೇಟಿಗೆ ನೀವು ಹೋಗದಿದ್ದರೆ ಯಂತ್ರ ಅರ್ಧ ಬಲದಲ್ಲಿಯೇ ಉಳಿಯುತ್ತದೆ.

ಆದರೆ ಗೋಡೆಯಾಚೆಯಿಂದ, ಬೆನ್ನು ತಿರುಗಿಸಿ, ಒಗ್ಗರಣೆ ಸಿಡಿಯುತ್ತಿರುವಾಗ ಹೇಳಿದ ಮಾತನ್ನು ಯಾವ ಯಂತ್ರವೂ ಸ್ಪಷ್ಟವಾಗಿ ತಂದುಕೊಡಲಾರದು. ಯಂತ್ರ ಚೆನ್ನಾಗಿ ಕೆಲಸ ಮಾಡುವುದು ಒಂದೆರಡು ಮೀಟರಿನೊಳಗೆ. ಮನೆಯವರು ಮೊದಲು ನಿಮ್ಮನ್ನು ಕರೆದು, ನೀವು ತಿರುಗಿ ನೋಡಿದ ಮೇಲೆ, ಎದುರಿನಿಂದ ಸಾವಕಾಶವಾಗಿ ಮಾತನಾಡಲಿ. ಕೂಗುವುದರಿಂದ ಉಪಯೋಗವಿಲ್ಲ, ಕೂಗಿದಾಗ ಸ್ವರಗಳು ಉಬ್ಬುತ್ತವೆಯೇ ಹೊರತು ನಿಮಗೆ ಬೇಕಾದ ವ್ಯಂಜನಗಳು ಏಳುವುದಿಲ್ಲ. ಒಮ್ಮೆ ಹೇಳಿದ ವಾಕ್ಯ ತಿಳಿಯದಿದ್ದರೆ ಅದನ್ನೇ ಮತ್ತೆ ಹೇಳುವ ಬದಲು ಬೇರೆ ಮಾತಿನಲ್ಲಿ ಹೇಳುವುದು ಮೇಲು. ಈ ಪುಟವನ್ನು ಸೊಸೆಯ ಕೈಗೂ ಕೊಡಿ. ಪಂಕ್ತಿಯಲ್ಲಿ ಊಟಕ್ಕೆ ಕೂರುವಾಗ ಬಡಿಸುವ ಗಲಾಟೆ ಬೆನ್ನ ಹಿಂದಿರುವಂತೆ, ಮಾತನಾಡಬೇಕಾದವರು ಎದುರಿಗೆ ಬರುವಂತೆ ಜಾಗ ಆರಿಸಿ. ಯಂತ್ರದಲ್ಲಿ ದಿಕ್ಕು ಹಿಡಿಯುವ ಮೈಕ್ರೊಫೋನ್ ಇದ್ದರೆ ಅದು ಎದುರಿನ ದನಿಯನ್ನೇ ಮುಂದೆ ಮಾಡುತ್ತದೆ. ಅಲ್ಲಿ ಒಳ್ಳೆಯ ಕಿವಿಯವರೂ ಅರ್ಧದಷ್ಟನ್ನು ಊಹಿಸಿಕೊಂಡೇ ಉತ್ತರಿಸುತ್ತಿರುತ್ತಾರೆ, ಆದ್ದರಿಂದ ಆ ಒಂದು ಜಾಗವನ್ನು ಹಿಡಿದು ಯಂತ್ರಕ್ಕೆ ಅಂಕ ಕೊಡಬೇಡಿ.

ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿಬರುವುದು ಒಂದು ದಿನದ ಕೆಲಸ, ಬರಿಗೈಯಲ್ಲಿ ಹೋಗಬೇಡಿ. ಚಿಕ್ಕ ಪುಸ್ತಕದಲ್ಲಿ ‘ಮಿಕ್ಸರ್ ಹಾಕಿದಾಗ ಕಿವಿ ಚುಚ್ಚುತ್ತದೆ’, ‘ಫೋನ್ ಬಲಗಿವಿಗೆ ಹಿಡಿದರೆ ಸಿಳ್ಳೆ ಬರುತ್ತದೆ’, ‘ಮೊಮ್ಮಗಳ ಮಾತು ತಿಳಿಯುವುದಿಲ್ಲ, ಮಗನದು ತಿಳಿಯುತ್ತದೆ’ ಎಂದು ಸಂದರ್ಭಸಹಿತ ಬರೆದಿಟ್ಟುಕೊಂಡು ಹೋಗಿ. ‘ಸರಿ ಇಲ್ಲ’ ಎಂದಷ್ಟೇ ಹೇಳಿದರೆ ತಜ್ಞರು ಒಟ್ಟು ಸದ್ದನ್ನೇ ಇಳಿಸಿಬಿಡುತ್ತಾರೆ, ಆಗ ಕಿರಿಕಿರಿಯ ಜೊತೆಗೆ ಮಾತೂ ಹೋಗುತ್ತದೆ. ಕಿವಿಯ ನಾಳದೊಳಗೆ ಕೂದಲೆಳೆಯಂಥ ನಳಿಕೆ ಇಟ್ಟು, ಕಿವಿತಮಟೆಯ ಬಳಿ ನಿಜವಾಗಿ ಎಷ್ಟು ಸದ್ದು ತಲುಪುತ್ತಿದೆ ಎಂದು ಅಳೆಯುವ ‘ರಿಯಲ್ ಇಯರ್’ ಪರೀಕ್ಷೆಯ ಸೌಲಭ್ಯ ಅಲ್ಲಿದ್ದರೆ ಅದನ್ನು ಕೇಳಿ ಮಾಡಿಸಿಕೊಳ್ಳಿ. ಒಂದೇ ಆಡಿಯೋಗ್ರಾಂ ಇರುವ ಇಬ್ಬರ ಕಿವಿಯ ನಾಳಗಳು ಒಂದೇ ಅಳತೆಯವಾಗಿರುವುದಿಲ್ಲ, ಕಂಪ್ಯೂಟರ್ ಸೂಚಿಸುವ ಸರಾಸರಿ ಲೆಕ್ಕ ಇಬ್ಬರಿಗೂ ಹೊಂದಬೇಕೆಂದಿಲ್ಲ. ನಿಮ್ಮ ಯಂತ್ರವನ್ನು ಫೋನಿನ ಮೂಲಕ ದೂರದಿಂದಲೇ ಸರಿಹೊಂದಿಸಲು ಬರುತ್ತದೆಯೇ ಎಂದೂ ವಿಚಾರಿಸಿ. ಬಂದರೆ ಮಳೆಗಾಲದಲ್ಲಿ ದೂರದ ಓಡಾಟ ಉಳಿಯುತ್ತದೆ.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಕಿವಿಯ ಹಿಂದೆ ಹಾಕುವ ಮಷಿನ್ ಇದೆ. ಬೇಸಿಗೆಯಲ್ಲಿ ಸರಿಯಿರುತ್ತದೆ, ಜೂನ್ ಬಂತೆಂದರೆ ಆಗಾಗ ಸತ್ತುಹೋಗುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಕಂಪನಿಯ ಮಷಿನ್ ಸರಿಯಿಲ್ಲವೇ? ಚಾರ್ಜ್ ಮಾಡುವ ಮಷಿನ್ ತೆಗೆದುಕೊಳ್ಳಬೇಕೇ?
– ಅಂಕೋಲಾದ ಓದುಗರು

ಉತ್ತರ: ಕರಾವಳಿಯ ಗಾಳಿಯಲ್ಲಿ ತೇವವೂ ಉಪ್ಪೂ ಎರಡೂ ಇರುತ್ತವೆ, ಬೆವರಿನಲ್ಲಿಯೂ ಅವೇ ಇರುತ್ತವೆ. ಹಾಗಾಗಿ ಯಂತ್ರ ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಮೂರು ಜಾಗ ನೋಡಿ. ಅಚ್ಚಿಗೆ ಸೇರುವ ಪಾರದರ್ಶಕ ನಳಿಕೆಯನ್ನು ಬೆಳಕಿಗೆ ಹಿಡಿದರೆ ಒಳಗೆ ನೀರಿನ ಸಣ್ಣ ಹನಿ ಕಾಣಬಹುದು. ಒಂದೇ ಹನಿ ನಳಿಕೆಯನ್ನು ಅಡ್ಡಗಟ್ಟಿದರೂ ಸದ್ದು ನಿಲ್ಲುತ್ತದೆ. ಅಚ್ಚನ್ನು ನಳಿಕೆಯೊಡನೆ ಯಂತ್ರದಿಂದ ಬೇರ್ಪಡಿಸಿ, ರಬ್ಬರಿನ ಗಾಳಿಗುಂಡಿನಿಂದ ಊದಿ ಹನಿಯನ್ನು ಹೊರಹಾಕಿ. ಬಾಯಿಂದ ಊದಬೇಡಿ, ಉಸಿರಿನಲ್ಲಿಯೂ ತೇವವಿದೆ. ಎರಡನೆಯದು ಅಚ್ಚಿನ ತೂತಿಗೆ ಮೆತ್ತಿಕೊಂಡ ಗುಗ್ಗೆ. ‘ಸತ್ತ’ ಯಂತ್ರಗಳಲ್ಲಿ ಬಹಳಷ್ಟು ಸತ್ತಿರುವುದಿಲ್ಲ, ಕಟ್ಟಿಕೊಂಡಿರುತ್ತವೆ. ನಮ್ಮ ಕಡೆ ತಲೆಗೆ ತೆಂಗಿನೆಣ್ಣೆ ಹಚ್ಚಿಕೊಂಡು ಅದೇ ಬೆರಳಿನಲ್ಲಿ ಯಂತ್ರ ಮುಟ್ಟುವುದರಿಂದ ಗುಗ್ಗೆ, ಎಣ್ಣೆ, ದೂಳು ಕೂಡಿ ಗಟ್ಟಿಯಾಗುತ್ತದೆ. ಯಂತ್ರದಿಂದ ಬೇರ್ಪಡಿಸಿದ ಅಚ್ಚನ್ನು ಮಾತ್ರ ಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬಹುದು. ಯಂತ್ರಕ್ಕೆ ನೀರನ್ನಾಗಲಿ ಸ್ಪಿರಿಟನ್ನಾಗಲಿ ಮುಟ್ಟಿಸಬಾರದು, ಒಣಬಟ್ಟೆ ಮತ್ತು ಮೆತ್ತನೆಯ ಬ್ರಷ್ ಸಾಕು.

ಮೂರನೆಯದು ಬ್ಯಾಟರಿ. ಈ ಗುಂಡಿ ಬ್ಯಾಟರಿಗಳು ಜಿಂಕ್-ಏರ್ ಬಗೆಯವು, ಗಾಳಿ ತಾಗಿದಾಗ ಮಾತ್ರ ವಿದ್ಯುತ್ ಕೊಡುತ್ತವೆ. ಮೇಲಿನ ಬಣ್ಣದ ಚೀಟಿ ಕಿತ್ತೊಡನೆ ಯಂತ್ರಕ್ಕೆ ಹಾಕದೆ ಕೆಲವು ನಿಮಿಷ ಗಾಳಿಗೆ ಬಿಡಬೇಕು. ಒಮ್ಮೆ ಕಿತ್ತ ಮೇಲೆ ಚೀಟಿಯನ್ನು ಮತ್ತೆ ಅಂಟಿಸಿಟ್ಟರೂ ಬ್ಯಾಟರಿ ಕ್ಷಯಿಸುತ್ತಲೇ ಇರುತ್ತದೆ. ಬಣ್ಣವೇ ಅಳತೆಯ ಗುರುತು: 675ಕ್ಕೆ ನೀಲಿ, 13ಕ್ಕೆ ಕಿತ್ತಳೆ, 312ಕ್ಕೆ ಕಂದು, 10ಕ್ಕೆ ಹಳದಿ. ಅಂಗಡಿಯಲ್ಲಿ ಬಣ್ಣ ಹೇಳಿದರೂ ಸಾಕು. ಹಳೆಯ ಬ್ಯಾಟರಿಗಳನ್ನು ಮಕ್ಕಳ ಕೈಗೆ ಸಿಗುವಂತೆ ಬಿಡಲೇಬೇಡಿ, ನುಂಗಿದರೆಂಬ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ರಾತ್ರಿ ಮಲಗುವಾಗ ಯಂತ್ರವನ್ನು ಬಟ್ಟೆಯಿಂದ ಒರೆಸಿ, ಬ್ಯಾಟರಿಯನ್ನು ಹೊರತೆಗೆದು, ಅದರ ಬಾಗಿಲನ್ನು ತೆರೆದಿಟ್ಟೇ, ಸಿಲಿಕಾ ಜೆಲ್ ಇರುವ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಜೆಲ್ ಮಣಿಗಳ ಬಣ್ಣ ಬದಲಾದರೆ ಅವು ತೇವ ಹೀರಿ ತುಂಬಿವೆ ಎಂದು ತಿಳಿದು ಬದಲಾಯಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಇದು ಒಂದು ರಾತ್ರಿಯೂ ತಪ್ಪಬಾರದ ಕೆಲಸ. ವಿದ್ಯುತ್ತಿನಿಂದ ನಡೆಯುವ ಡ್ರೈಯರ್ ಇನ್ನೂ ಒಳ್ಳೆಯದು. ಒಲೆಯ ದಂಡೆಯ ಮೇಲೋ ಬಿಸಿಲಿನಲ್ಲೋ ಇಟ್ಟು ಒಣಗಿಸುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ.

ಚಾರ್ಜ್ ಮಾಡುವ ಯಂತ್ರ ಕೈಬೆರಳು ಮರಗಟ್ಟಿದ ವೃದ್ಧರಿಗೆ ದೊಡ್ಡ ಅನುಕೂಲ, ಚಿಕ್ಕ ಬ್ಯಾಟರಿಯೊಡನೆ ಹೆಣಗುವುದು ತಪ್ಪುತ್ತದೆ. ಆದರೆ ರಾತ್ರಿಯ ಚಾರ್ಜು ಒಂದು ದಿನದ ಬಳಕೆಗೆ ಆಗುವಷ್ಟು. ಗಾಳಿಮಳೆಗೆ ಎರಡು ದಿನ ಕರೆಂಟ್ ಬಾರದ ಊರಾದರೆ ಇನ್ವರ್ಟರ್ ಅಥವಾ ಪವರ್ ಬ್ಯಾಂಕ್‌ನಿಂದ ಚಾರ್ಜ್ ಆಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ಪ್ರಶ್ನೆ: ನನ್ನ ಯಜಮಾನರು ಹಲವು ವರ್ಷ ಬೋಟಿನಲ್ಲಿ ದುಡಿದು ಈಗ ತಾಂಡೇಲರಾಗಿದ್ದಾರೆ (ಬೋಟು ನಡೆಸುವ ಮುಖ್ಯಸ್ಥರು), ವಯಸ್ಸು 54. ಎರಡೂ ಕಿವಿಯಲ್ಲಿ ‘ಕುಂಯ್’ ಎಂಬ ಸದ್ದು ಯಾವಾಗಲೂ ಇರುತ್ತದೆಯಂತೆ. ಇತ್ತೀಚೆಗೆ ಎಡಗಿವಿ ಹೆಚ್ಚು ಮಂದವಾಗಿದೆ. ಸಂಬಂಧಿಕರು ಆನ್‌ಲೈನ್‌ನಲ್ಲಿ ಕಡಿಮೆ ದರದ ಮಷಿನ್ ತರಿಸಿ ಎನ್ನುತ್ತಾರೆ. ತರಿಸಬಹುದೇ?
– ಕಾರವಾರದ ಓದುಗರು

ಉತ್ತರ: ತರಿಸಬೇಡಿ. ಆ ದರಕ್ಕೆ ಸಿಗುವವು ಸಾಮಾನ್ಯವಾಗಿ ಎಲ್ಲ ಸದ್ದನ್ನೂ ಒಂದೇ ಸಮನೆ ದೊಡ್ಡದು ಮಾಡುವ ಆಂಪ್ಲಿಫೈಯರ್‌ಗಳು. ಎಂಜಿನ್ನಿನ ಸದ್ದಿನಿಂದ ಆಗುವ ಹಾನಿ ಹೆಚ್ಚಾಗಿ 4000 ಹರ್ಟ್ಸ್‌ನ ಆಸುಪಾಸಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ, ಉಳಿದ ಸ್ತರಗಳು ಚೆನ್ನಾಗಿಯೇ ಇರಬಹುದು. ಚೆನ್ನಾಗಿರುವ ಕಡೆಗೂ ಅತಿಯಾದ ಸದ್ದು ಸುರಿದರೆ ಇರುವುದೂ ಹೋದೀತು.

ಅದಕ್ಕಿಂತ ಮುಖ್ಯವಾದುದು ಎಡಗಿವಿ ಮಾತ್ರ ಹೆಚ್ಚು ಮಂದವಾಗಿರುವುದು. ಒಂದೇ ಕಿವಿಯ ದೋಷಕ್ಕೆ ಬೇರೆ ಕಾರಣವಿರಬಹುದಾದ್ದರಿಂದ ಯಂತ್ರದ ಮಾತಿಗೆ ಮೊದಲು ಇ.ಎನ್.ಟಿ. ವೈದ್ಯರು ನೋಡಲೇಬೇಕು. ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿಯೇ ತೋರಿಸಬಹುದು. ಆ ಮಂದತನ ಒಂದೆರಡು ದಿನದಲ್ಲಿ ಹಠಾತ್ತನೆ ಬಂದದ್ದಾದರೆ ಇಂದೇ ಹೊರಡಿ. ಹಠಾತ್ ಶ್ರವಣನಷ್ಟಕ್ಕೆ ಬೇಗ ಚಿಕಿತ್ಸೆ ಆರಂಭಿಸಿದಷ್ಟೂ ಫಲ ಸಿಗುವ ಸಂಭವ ಹೆಚ್ಚು, ವಾರಗಳು ಕಳೆದರೆ ಕಡಿಮೆ. ಕಿವಿ ಸೋರುವುದು, ತಲೆ ಸುತ್ತುವುದು ಇದ್ದರೆ ಅದನ್ನೂ ತಿಳಿಸಿ.

ಶ್ರವಣ ಪರೀಕ್ಷೆಯನ್ನು ಎಂಜಿನ್ ಸದ್ದಿನಿಂದ ದೂರವಿದ್ದು ರಾತ್ರಿ ವಿಶ್ರಾಂತಿ ಪಡೆದ ಮರುದಿನ ಮಾಡಿಸಿ, ಇಲ್ಲವಾದರೆ ಬೋಟಿನಿಂದ ಇಳಿದಾಗಿನ ತಾತ್ಕಾಲಿಕ ಮಂದತನವೂ ಲೆಕ್ಕಕ್ಕೆ ಸೇರುತ್ತದೆ. ಮಾತಿನ ಪರೀಕ್ಷೆಯಲ್ಲಿ ಪದಗಳನ್ನು ಕೇಳಿಸಿ ಮರುಹೇಳಿಸುತ್ತಾರೆ. ಮನೆಮಾತು ಕೊಂಕಣಿಯಾದರೆ ಅದನ್ನು ಮೊದಲೇ ಹೇಳಿ, ಪರಿಚಯವಿಲ್ಲದ ಪದ ತಪ್ಪಿದರೆ ಅದು ಕಿವಿಯ ತಪ್ಪಲ್ಲ. ‘ಕುಂಯ್’ ಸದ್ದು ಅನೇಕರಲ್ಲಿ ಸರಿಯಾದ ಶ್ರವಣಯಂತ್ರ ಹಾಕಿದ ಮೇಲೆ ಹಿಂದೆ ಸರಿಯುತ್ತದೆ. ಯಂತ್ರ ಹೊಂದಿಸಿಕೊಳ್ಳಲು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿ ಒಳ್ಳೆಯ ಸಮಯ, ತಪಾಸಣೆಯನ್ನು ಮಾತ್ರ ಅಲ್ಲಿಯವರೆಗೆ ತಳ್ಳಬೇಡಿ. ಮತ್ತೆ ಬೋಟಿಗೆ ಹೋದಾಗ ಎಂಜಿನ್ ಬಳಿ ಯಂತ್ರ ತೆಗೆದಿಟ್ಟು, ಕಿವಿಗೆ ರಕ್ಷಣೆಯ ಇಯರ್ ಮಫ್ ಹಾಕಿಕೊಳ್ಳಲಿ. ಬಂದ್ ಮಾಡಿದ ಶ್ರವಣಯಂತ್ರ ಕಿವಿಯಲ್ಲಿದ್ದರೆ ಅದು ರಕ್ಷಣೆಯಾಗುವುದಿಲ್ಲ.

ಪ್ರಶ್ನೆ: ನಮ್ಮ ಅಜ್ಜಿಗೆ ಸರ್ಕಾರದಿಂದ ಶ್ರವಣಯಂತ್ರ ಸಿಗುತ್ತದೆಯೇ?
– ಸಿದ್ದಾಪುರದ ಓದುಗರು

ಉತ್ತರ: ಎರಡು ದಾರಿಗಳಿವೆ. ಅಂಗವೈಕಲ್ಯ ಪ್ರಮಾಣಪತ್ರ ಇರುವವರಿಗೆ, ಆದಾಯ ಮಿತಿಗೆ ಒಳಪಟ್ಟು, ಕೇಂದ್ರ ಸರ್ಕಾರದ ಅಡಿಪ್ ಯೋಜನೆ ಇದೆ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ ಮಾತಿನ ಸ್ತರಗಳ ನಷ್ಟ 60 ಡೆಸಿಬೆಲ್ ತಲುಪಿದವರನ್ನಷ್ಟೇ ಮಂದಶ್ರವಣದವರೆಂದು ಪರಿಗಣಿಸುತ್ತಾರೆ; ಯಂತ್ರದ ಅಗತ್ಯವಿರುವ ಎಷ್ಟೋ ವೃದ್ಧರು ಆ ಗೆರೆಯ ಈಚೆಗೇ ಉಳಿದುಬಿಡುತ್ತಾರೆ. ಅಂಥವರಿಗಾಗಿ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ವಿಚಾರಿಸಿ. ಇದು ಬಡತನ ರೇಖೆಗಿಂತ ಕೆಳಗಿರುವ ಅಥವಾ ನಿಗದಿತ ಮಿತಿಯೊಳಗೆ ಆದಾಯವಿರುವ 60 ವರ್ಷ ದಾಟಿದವರಿಗಾಗಿ ಇರುವ ಯೋಜನೆ, ಊರುಗೋಲು, ಕನ್ನಡಕಗಳ ಜೊತೆ ಶ್ರವಣಯಂತ್ರವೂ ಇದರಲ್ಲಿ ಸೇರಿದೆ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಕಾಣಿ, ಯಂತ್ರ ಕೊಡುವ ಶಿಬಿರ ಎಲ್ಲಿ, ಯಾವಾಗ ಎಂಬ ಮಾಹಿತಿ ಅವರಲ್ಲಿ ಸಿಗುತ್ತದೆ.

ಶಿಬಿರದ ಯಂತ್ರವನ್ನು ಕೆಲವರು ಕೀಳಾಗಿ ಕಾಣುತ್ತಾರೆ, ಅದು ಸರಿಯಲ್ಲ. ಕೊರತೆಯಿರುವುದು ಆನಂತರದ ಹೊಂದಾಣಿಕೆಯಲ್ಲಿ. ಯಂತ್ರ ಸಿಕ್ಕ ಮೇಲೆ ಅಜ್ಜಿಯ ಕಿವಿಯ ಅಳತೆಯ ಅಚ್ಚನ್ನು ಪ್ರತ್ಯೇಕವಾಗಿ ಮಾಡಿಸಿ, ಹತ್ತಿರದ ಶ್ರವಣತಜ್ಞರಲ್ಲಿ ಒಮ್ಮೆಯಾದರೂ ಸರಿಹೊಂದಿಸಿಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೂರವಾದರೂ, ತೊಡಕಿನ ಪ್ರಕರಣಗಳಿಗೆ ನಾನು ಸೂಚಿಸುವುದು ಅದನ್ನೇ.

ಪ್ರಶ್ನೆ: ಹೊಸ ಮಷಿನ್ ಹಾಕಿಕೊಂಡು ಯಕ್ಷಗಾನಕ್ಕೆ ಹೋದರೆ ಭಾಗವತರ ಪದ ನಡುಗಿದಂತೆ ಕೇಳುತ್ತದೆ, ಚಂಡೆ ಚಪ್ಪೆಯಾಗುತ್ತದೆ. ತೆಗೆದರೆ ಅರ್ಥಗಾರಿಕೆ ತಿಳಿಯುವುದಿಲ್ಲ. ಏನು ಮಾಡಲಿ?
– ಯಲ್ಲಾಪುರದ ಓದುಗರು

ಉತ್ತರ: ಶ್ರವಣಯಂತ್ರವನ್ನು ಸಿದ್ಧಪಡಿಸಿರುವುದೇ ಮಾತಿಗಾಗಿ. ಸಿಳ್ಳೆ ತಡೆಯುವ ವ್ಯವಸ್ಥೆಯು ಎಳೆದ ಆಲಾಪವನ್ನೇ ಸಿಳ್ಳೆಯೆಂದು ಭ್ರಮಿಸಿ ಅದನ್ನು ಅಳಿಸಲು ಹೊರಡುತ್ತದೆ, ಪದ ನಡುಗುವುದು ಅದರಿಂದ. ದೊಡ್ಡ ಸದ್ದನ್ನು ಒತ್ತಿ ಕುಗ್ಗಿಸುವ ವ್ಯವಸ್ಥೆಯು ಚಂಡೆಯ ಪೆಟ್ಟಿನ ಏರಿಳಿತವನ್ನು ಸಮ ಮಾಡಿಬಿಡುತ್ತದೆ. ಇವೆರಡನ್ನೂ ಸಡಿಲಿಸಿದ ‘ಸಂಗೀತ’ ಪ್ರೋಗ್ರಾಂ ಒಂದನ್ನು ನಿಮ್ಮ ಯಂತ್ರದಲ್ಲಿ ಎರಡನೆಯದಾಗಿ ಕೂರಿಸಲು ತಜ್ಞರಿಗೆ ಹೇಳಿ, ಗುಂಡಿ ಒತ್ತಿ ಬದಲಾಯಿಸಿಕೊಳ್ಳಲು ಬರುತ್ತದೆ. ಪದಕ್ಕೆ ಅದು, ಅರ್ಥಕ್ಕೆ ಮಾತಿನ ಪ್ರೋಗ್ರಾಂ. ತಾಳಮದ್ದಳೆಯಾದರೆ ಇನ್ನೂ ಸುಲಭ, ಹೆಚ್ಚಿನ ಹೊತ್ತು ಮಾತಿನದರಲ್ಲೇ ಇದ್ದುಬಿಡಬಹುದು. ಧ್ವನಿವರ್ಧಕದ ಪೆಟ್ಟಿಗೆಯ ಬುಡದಲ್ಲಿ ಕೂರಬೇಡಿ. ಅರ್ಥಧಾರಿಗಳ ಮುಖ ಕಾಣುವಂತೆ, ಮುಂದಿನ ಸಾಲುಗಳ ನಡುವೆ ಜಾಗ ಹಿಡಿಯಿರಿ, ಜೇಬಿನಲ್ಲಿ ಒಂದು ಜೊತೆ ಹೊಸ ಬ್ಯಾಟರಿ ಇರಲಿ.